ಕಾವೇರಿಯಲ್ಲಿ ನೀರಾಟ: ಒಂದು ನಡುಗಡ್ಡೆಯ ಕಥೆ

ಮಡಿಕೇರಿಯಿಂದ ಕುಶಾಲನಗರದ ಕಡೆಗೆ ಹೊರಡುವ ಬಸ್ಸುಗಳಲ್ಲಿ ರಜಾದಿನಗಳಂದು ಒಂದು ವಿಶೇಷ ಕಾಣುತ್ತದೆ. ಹೆಗಲ ಮೇಲೊಂದು ಟವೆಲ್ಲು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮಕ್ಕಳಿಗೊಂದು ಜೊತೆ ಒಣಬಟ್ಟೆ. ಸುಂಟಿಕೊಪ್ಪ ದಾಟಿ ಘಾಟಿಯ ತಿರುವುಗಳು ಮುಗಿಯುತ್ತಿದ್ದಂತೆ ಕಾಫಿತೋಟಗಳ ನೆರಳು ವಿರಳವಾಗಿ, ಬಯಲಿನ ಬಿಸಿಲು ಕಿಟಕಿಯಿಂದ ಒಳಗೆ ಬರುತ್ತದೆ. ಕುಶಾಲನಗರ ಇನ್ನೆರಡು ಮೂರು ಕಿಲೋಮೀಟರ್ ಇರುವಾಗಲೇ ಕಂಡಕ್ಟರು 'ನಿಸರ್ಗಧಾಮ' ಎಂದು ಕೂಗುತ್ತಾನೆ. ಬಸ್ಸು ಅರ್ಧ ಖಾಲಿಯಾಗುತ್ತದೆ.

ಕಾವೇರಿ ನಿಸರ್ಗಧಾಮ ಒಂದು ನಡುಗಡ್ಡೆ. ಕಾವೇರಿ ಇಲ್ಲಿ ಎರಡಾಗಿ ಸೀಳಿ, ಸುಮಾರು 64 ಎಕರೆ ನೆಲವನ್ನು ತೋಳುಗಳಲ್ಲಿ ಬಳಸಿಕೊಂಡು, ಮತ್ತೆ ಒಂದಾಗಿ ಮುಂದೆ ಹರಿಯುತ್ತದೆ. ಅರಣ್ಯ ಇಲಾಖೆ ಇದನ್ನು 1989ರಲ್ಲಿ ವಿಹಾರತಾಣವಾಗಿ ರೂಪಿಸಿತು. ರಸ್ತೆಯ ಬದಿಯಿಂದ ಒಂದು ತೂಗುಸೇತುವೆ ದಾಟಿದರೆ ನಡುಗಡ್ಡೆ. ಬಿದಿರು ಮೆಳೆಗಳು, ತೇಗ, ಶ್ರೀಗಂಧದ ಮರಗಳು, ಜಿಂಕೆಗಳ ಆವರಣ, ಮೊಲಗಳ ಮನೆ, ಮಕ್ಕಳ ಆಟದ ಜಾಗ, ಬಿದಿರಿನ ಕುಟೀರಗಳು. ಇಷ್ಟನ್ನು ಪ್ರವಾಸಿ ಕೈಪಿಡಿಗಳೆಲ್ಲ ಹೇಳುತ್ತವೆ. ಆದರೆ ಮಕ್ಕಳು ಟವೆಲ್ಲು ತರುವುದು ಮೊಲ ನೋಡಲಿಕ್ಕಲ್ಲ. ನಡುಗಡ್ಡೆಯ ಅಂಚಿನಲ್ಲಿ ನದಿ ಬಂಡೆಗಳ ನಡುವೆ ಮೊಣಕಾಲುದ್ದಕ್ಕೆ ಇಳಿಯುವ ಜಾಗವಿದೆಯಲ್ಲ, ಅದಕ್ಕಾಗಿ.

ಅಂದರೆ ಇದು ಕೊಡಗಿನವರ, ಮೈಸೂರು ಹಾಸನದ ಕಡೆಯವರ 'ವಾಟರ್ ಪಾರ್ಕ್'. ಜಾರುಬಂಡೆಗಳಿಲ್ಲದ, ಸ್ವಿಚ್ಚಿಲ್ಲದ ವಾಟರ್ ಪಾರ್ಕ್. ನದಿಯನ್ನು ಆಟದ ಜಾಗವನ್ನಾಗಿ ನೋಡುವ ಈ ರೂಢಿ ಕೊಡಗಿಗೆ ಎಂದಿನಿಂದ ಬಂತು ಎಂದು ಕೇಳಿದರೆ ಉತ್ತರ ಸ್ವಲ್ಪ ಆಶ್ಚರ್ಯ ಹುಟ್ಟಿಸುತ್ತದೆ. ಕಾವೇರಿ ಹುಟ್ಟುವ ನಾಡಿನಲ್ಲಿ ಕಾವೇರಿಯೊಡನೆ ಆಡುವ ಅಭ್ಯಾಸ ತೀರಾ ಈಚಿನದು.

ಕೊಡವರಿಗೆ ಆಕೆ ಕಾವೇರಮ್ಮೆ. ತುಲಾ ಸಂಕ್ರಮಣದಂದು, ಅಂದರೆ ಅಕ್ಟೋಬರ್ ಮಧ್ಯದಲ್ಲಿ, ತಲಕಾವೇರಿಯ ಪುಟ್ಟ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುವ ಗಳಿಗೆಗಾಗಿ ಸಾವಿರಾರು ಜನ ರಾತ್ರಿಯೆಲ್ಲ ಚಳಿಯಲ್ಲಿ ಕಾಯುತ್ತಾರೆ. ಅದಕ್ಕೆ ಮುನ್ನ ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಮತ್ತು ಕಣ್ಣಿಗೆ ಕಾಣದ ಸುಜ್ಯೋತಿ ಕೂಡುವ ಸಂಗಮದಲ್ಲಿ ಮುಳುಗಿ ಏಳಬೇಕು. ಗದ್ದೆಯಲ್ಲಿ 'ಬೊತ್ತ್' ನೆಡುವುದು, ಮನೆಯಲ್ಲಿ ಕಣಿಪೂಜೆ ಮಾಡುವುದು, ಬಿಂದಿಗೆಯಲ್ಲೋ ಬಾಟಲಿಯಲ್ಲೋ ತೀರ್ಥ ತಂದು ವರ್ಷವಿಡೀ ಕಾಪಿಡುವುದು, ಎಲ್ಲವೂ ಆಕೆ ಮನೆಮಗಳೂ ತಾಯಿಯೂ ಆಗಿರುವ ಸಂಬಂಧದ ಗುರುತುಗಳು. ಇರ್ಪುವಿನ ಲಕ್ಷ್ಮಣತೀರ್ಥ ಜಲಪಾತದಲ್ಲಿಯೂ ಶಿವರಾತ್ರಿಯಂದು ಜನ ಮೀಯುತ್ತಾರೆ. ಅದೂ ವ್ರತ, ವಿಹಾರವಲ್ಲ.

ಈ ಭಕ್ತಿಯ ಜೊತೆಗೇ ಒಂದು ಅಂಜಿಕೆಯೂ ಇದೆ. ನಾಪೋಕ್ಲು ಸಮೀಪದ ಬಲಮುರಿಯ ಐತಿಹ್ಯ ಅನೇಕರಿಗೆ ಗೊತ್ತಿರಬಹುದು. ನದಿಯಾಗಿ ಹರಿದು ಹೊರಟ ಕಾವೇರಿಯನ್ನು ಕೊಡವರು ಅಲ್ಲಿ ತಡೆಯಲು ನಿಂತರಂತೆ. ಆಕೆ ಬಲಕ್ಕೆ ಮುರಿದು ಹರಿದಳಂತೆ. ಆ ರಭಸಕ್ಕೆ ನಿಂತಿದ್ದ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ತಿರುಗಿದವಂತೆ. ಕೊಡವತಿಯರು ನೆರಿಗೆಯನ್ನು ಬೆನ್ನಿನ ಕಡೆಗೆ ಉಡುವುದಕ್ಕೆ ಇದೇ ಕಾರಣವೆಂದು ಹಿರಿಯರು ಹೇಳುತ್ತಾರೆ. ಉಡುಪಿನ ಇತಿಹಾಸಕಾರರು ಇದನ್ನು ಒಪ್ಪಲಿ ಬಿಡಲಿ, ಕತೆ ಕಟ್ಟಿದವರಿಗೆ ಮಲೆನಾಡಿನ ಹೊಳೆಯ ಸ್ವಭಾವ ಚೆನ್ನಾಗಿ ಗೊತ್ತಿತ್ತು. ತಡೆಯಲು ಹೋದರೆ ಅದು ದಾರಿ ಬದಲಿಸುತ್ತದೆ, ನಿಲ್ಲುವುದಿಲ್ಲ.

ಮಳೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದುಂಟು, ಭಾಗಮಂಡಲದಲ್ಲಿ ಇನ್ನೂ ಹೆಚ್ಚು. ಮೂವತ್ತು ಕಿಲೋಮೀಟರ್ ಕೆಳಗಿನ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರೆಂಬುದು ಬಾಗಿಲು ತಟ್ಟುತ್ತಲೇ ಇರುವ ಊರಿನಲ್ಲಿ, ರಜೆಯ ದಿನ ನೀರನ್ನು ಹುಡುಕಿಕೊಂಡು ಹೋಗುವ ಯೋಚನೆ ಯಾರಿಗೆ ತಾನೆ ಬಂದೀತು?

ಅರಸರು ನೀರನ್ನು ಕಣ್ಣಿಗೆ ಹಬ್ಬವಾಗಿಸಿದ್ದುಂಟು. ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದಾಗ ಅದರ ಮುಂದೆ ಒಂದು ಕೊಳ, ಕೊಳದ ನಡುವೆ ಒಂದು ಮಂಟಪ, ಮಂಟಪಕ್ಕೆ ಒಂದು ಕಾಲುದಾರಿ ಬಂದವು. ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರಗಳು, ಅವುಗಳ ನೆರಳು ನೀರಿನಲ್ಲಿ. ಮಂಜು ಸರಿದಾಗ ಈ ಕೊಳವನ್ನು ನೋಡಿದವರು ಅಲ್ಲಿ ಯಾರೂ ಜೋರಾಗಿ ಮಾತಾಡದಿರುವುದನ್ನೂ ಗಮನಿಸಿರುತ್ತಾರೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಬಂದ ದೊರೆಗಳು ನೀರನ್ನು ನೋಡುವ ತಮ್ಮ ರೀತಿಯನ್ನು ತಂದರು. ಪಿಕ್‌ನಿಕ್ ಎಂಬುದು ಅವರ ಜೊತೆ ಬಂದ ಸಂಸ್ಕೃತಿ. ಮಡಿಕೇರಿಗೆ ಎಂಟು ಕಿಲೋಮೀಟರ್ ದೂರದ ಜಲಪಾತ ಇಂಗ್ಲಿಷ್ ಬರಹದಲ್ಲಿ 'ಅಬ್ಬೆ' ಆಯಿತು. ಇಂಗ್ಲಿಷಿನಲ್ಲಿ ಕ್ರೈಸ್ತ ಸನ್ಯಾಸಿಗಳ ಮಠಕ್ಕೂ ಅದೇ ಹೆಸರು. ನಮ್ಮ ಅಬ್ಬಿ ಎಂದರೆ ಸುಮ್ಮನೆ ಜಲಪಾತ, ಅಷ್ಟೆ. ಈಗಲೂ ಅಲ್ಲಿ ಎದುರಿಗೆ ನಿಂತು ನೋಡಬೇಕೇ ಹೊರತು ಇಳಿಯುವಂತಿಲ್ಲ.

ಕಾವೇರಿಯ ನೀರನ್ನು ಆಟಕ್ಕೆ ಹಚ್ಚಿದ್ದು ಕೊಡಗಿನಲ್ಲಲ್ಲ. ಅದು ನಡೆದದ್ದು ನದಿಯ ಕೆಳದಂಡೆಯಲ್ಲಿ, ಬೇರೊಂದು ಸರ್ಕಾರದ ನೆಲದಲ್ಲಿ.

ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯಲ್ಲಿ ಕಳಿಸಿತು. ಗಣಿಗಳ ಬೇಡಿಕೆ ಬೆಳೆಯಿತು, ಆದರೆ ಬೇಸಗೆಯಲ್ಲಿ ನದಿ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಬಿಡಬೇಕು, ಮಂಡ್ಯದ ಒಣ ಭೂಮಿಗೂ ಹರಿಸಬೇಕು ಎಂಬ ಎರಡು ಉದ್ದೇಶಗಳಿಂದ ಕನ್ನಂಬಾಡಿಯಲ್ಲಿ 1911ರಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿ ಕಟ್ಟಿದ ಈ ಕಟ್ಟೆ ಮುಗಿಯಲು ಎರಡು ದಶಕ ಬೇಕಾಯಿತು. ನಡುವೆ 1924ರಲ್ಲಿ ಕಾವೇರಿಯ ಇತಿಹಾಸದಲ್ಲೇ ದೊಡ್ಡದೆನ್ನುವ ಪ್ರವಾಹವೂ ಬಂದುಹೋಯಿತು. ಮೈಸೂರು ಮತ್ತು ಮದರಾಸಿನ ನಡುವೆ ನೀರಿನ ಒಪ್ಪಂದ ಆದದ್ದೂ ಅದೇ ವರ್ಷ.

ಕಟ್ಟೆ ಮುಗಿಯುವ ಹಂತಕ್ಕೆ ಬಂದಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಊರುಗಳನ್ನು ಅಲಂಕರಿಸುವುದರಲ್ಲಿ ಅವರಿಗಿದ್ದ ಆಸಕ್ತಿ ಪ್ರಸಿದ್ಧ. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ ಅವರ ಮನಸ್ಸಿನಲ್ಲಿತ್ತು. 1927ರಲ್ಲಿ ಆರಂಭಿಸಿ 1932ರ ಹೊತ್ತಿಗೆ ಕಟ್ಟೆಯ ಅಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋಟ ಎದ್ದಿತು. ವಿನ್ಯಾಸದಲ್ಲಿ ಲಾಲ್‌ಬಾಗ್‌ನ ಮುಖ್ಯಸ್ಥ, ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಅವರ ಕೈಯಿತ್ತು. ಮೊದಲು ಇದಕ್ಕೆ ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್ ಎಂದು ಹೆಸರು. ಬೃಂದಾವನ ಎಂಬ ಹೆಸರು ನಂತರ ನಿಂತಿತು.

ಇಲ್ಲಿನ ಕಾರಂಜಿಗಳ ಹಿಂದಿನ ಉಪಾಯ ಸರಳವಾದದ್ದು. ಕಟ್ಟೆಯ ಆಚೆ ನೂರಾರು ಅಡಿ ಉದ್ದಗಲಕ್ಕೆ ಅಲ್ಲ, ಮೈಲಿಗಟ್ಟಲೆ ನಿಂತ ನೀರು ಎತ್ತರದಲ್ಲಿದೆ, ತೋಟ ತಗ್ಗಿನಲ್ಲಿದೆ. ಆ ಎತ್ತರದ ಒತ್ತಡವೇ ಕೊಳವೆಗಳಲ್ಲಿ ಇಳಿದು ಕಾರಂಜಿಯಾಗಿ ಚಿಮ್ಮುತ್ತದೆ. ಮನೆಯ ಮೇಲಿನ ಟ್ಯಾಂಕು ತುಂಬಿದ್ದರೆ ನಲ್ಲಿಯಲ್ಲಿ ನೀರು ರಭಸವಾಗಿ ಬರುವುದಿಲ್ಲವೆ, ಹಾಗೆ. ಮೊಗಲರ ತೋಟಗಳಲ್ಲೂ ಇದೇ ತತ್ತ್ವ. ಅದಕ್ಕೆ ಶಿವನಸಮುದ್ರದ ವಿದ್ಯುತ್ತು ಬಣ್ಣ ಸೇರಿಸಿತು. ಸೀಮೆಎಣ್ಣೆ ಬುಡ್ಡಿಯ ಕಾಲದ ಹಳ್ಳಿಗರು ಸಂಜೆ ಇಲ್ಲಿಗೆ ಬಂದು ಕೆಂಪು, ಹಸಿರು, ನೀಲಿ ನೀರನ್ನು ಕಂಡಾಗ ಏನೆನ್ನಿಸಿರಬೇಕು! ಮುಂದೆ ಸಿನಿಮಾದವರು ಬಂದರು. ಒಂದು ತಲೆಮಾರಿನ ಕನ್ನಡಿಗರಿಗೆ ಪ್ರೇಮಗೀತೆ ಎಂದರೆ ಬೃಂದಾವನದ ಕಾರಂಜಿಯ ಹಿಂದೆ ಮುಂದೆ ಓಡುವುದು.

ಆ ಕಾರಂಜಿಗಳಲ್ಲಿ ಚಿಮ್ಮುವ ನೀರಿನಲ್ಲಿ ದೊಡ್ಡ ಪಾಲು ಕೊಡಗಿನ ಮಳೆಯದು. ಈಗಲೂ ಜೂನ್ ತಿಂಗಳಲ್ಲಿ ಮಂಡ್ಯದ ರೈತ ಮೊದಲು ನೋಡುವುದು 'ಭಾಗಮಂಡಲದಲ್ಲಿ ಮಳೆ ಎಷ್ಟು' ಎಂಬ ಸುದ್ದಿಯನ್ನು. ಕನ್ನಂಬಾಡಿಯ 124.80 ಅಡಿ ತುಂಬಿತೋ ಇಲ್ಲವೋ ಎಂಬುದರ ಮೇಲೆ ಅವನ ಭತ್ತ, ಕಬ್ಬು, ಬೆಂಗಳೂರಿನ ನಲ್ಲಿ, ಎರಡು ರಾಜ್ಯಗಳ ನೆಮ್ಮದಿ ಎಲ್ಲವೂ ನಿಂತಿದೆ. ಹೀಗೆ ಒಂದೇ ನೀರು ಮೇಲೆ ತೀರ್ಥ, ಕೆಳಗೆ ಕಾರಂಜಿ, ಇನ್ನೂ ಕೆಳಗೆ ಮೊಕದ್ದಮೆ.

ಕೊಡಗು 1956ರಲ್ಲಿ ಮೈಸೂರು ರಾಜ್ಯದೊಡನೆ ಸೇರಿತು. ಕಾವೇರಿಯ ಉಪನದಿ ಹಾರಂಗಿಗೆ ಕುಶಾಲನಗರದ ಸಮೀಪ ಹುದುಗೂರಿನಲ್ಲಿ ಕಟ್ಟಿದ ಅಣೆಕಟ್ಟೆ 1980ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ನೆಲ ಮುಳುಗಿದ್ದು ಕೊಡಗಿನದು, ನೀರುಂಡ ಗದ್ದೆಗಳಲ್ಲಿ ಹೆಚ್ಚಿನವು ಪಿರಿಯಾಪಟ್ಟಣ, ಹುಣಸೂರು, ಕೆ. ಆರ್. ನಗರ, ಅರಕಲಗೂಡಿನ ಕಡೆಯವು. ಈ ಮಾತನ್ನು ಕೊಡಗಿನ ರೈತರು ಇಂದಿಗೂ ಮರೆತಿಲ್ಲ. ಆದರೂ ಹಾರಂಗಿ ಒಂದು ಹೊಸ ಅಭ್ಯಾಸ ಕಲಿಸಿತು. ಭಾನುವಾರ ಬುತ್ತಿ ಕಟ್ಟಿಕೊಂಡು 'ಡ್ಯಾಮ್ ನೋಡಲು' ಹೋಗುವುದು.

ಈ ಹಿನ್ನೆಲೆಯಲ್ಲಿ 1989ರ ನಿಸರ್ಗಧಾಮವನ್ನು ನೋಡಬೇಕು. ಬೃಂದಾವನದಲ್ಲಿ ನೀರನ್ನು ಕೊಳವೆಯಲ್ಲಿ ತಂದು ಕುಣಿಸಿದರು. ಇಲ್ಲಿ ನೀರನ್ನು ಇದ್ದ ಹಾಗೆಯೇ ಬಿಟ್ಟು ಮನುಷ್ಯರನ್ನು ಅದರ ಬಳಿಗೆ ಒಯ್ದರು. ಹೆಚ್ಚಿನ ಕಾಮಗಾರಿಯೂ ಬೇಕಾಗಲಿಲ್ಲ. ತೂಗುಸೇತುವೆಯೇ ಅರ್ಧ ಆಕರ್ಷಣೆ. ಮಕ್ಕಳು ಅದರ ನಡುವೆ ನಿಂತು ಕುಪ್ಪಳಿಸದೆ ದಾಟುವುದಿಲ್ಲ, ಕಾವಲಿನವರು ಗದರಿಸದೆ ಬಿಡುವುದಿಲ್ಲ. ತೂಗುಸೇತುವೆಗಳ ಕಥೆಯಲ್ಲಿ 1989 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಘಟ್ಟದ ಕೆಳಗೆ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು ಆ ವರ್ಷವೇ. ಮುಂದೆ ಅವರು ಇಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಮಳೆಗಾಲದಲ್ಲಿ ಶಾಲೆಗೂ ಆಸ್ಪತ್ರೆಗೂ ಹೋಗಲಾಗದ ಹಳ್ಳಿಗಳಿಗೆ ಅವು ದಾರಿ. ನಿಸರ್ಗಧಾಮದಲ್ಲಿ ಅದೇ ತೂಗುಸೇತುವೆ ಜೋಕಾಲಿ.

ಬಿದಿರಿನ ಬಗ್ಗೆ ಒಂದು ಮಾತು. ಈ ನಡುಗಡ್ಡೆಯ ತಂಪಿಗೆ ಕಾರಣ ನದಿಯಷ್ಟೇ ಅಲ್ಲ, ಬಿದಿರು ಕೂಡ. ಅದರ ಬೇರು ದಂಡೆಯ ಮಣ್ಣನ್ನು ಜಾಲದಂತೆ ಹಿಡಿದಿಡುತ್ತದೆ. ನಮ್ಮ ಹೆಬ್ಬಿದಿರು ನಾಲ್ಕೈದು ದಶಕಕ್ಕೊಮ್ಮೆ ಹೂಬಿಟ್ಟು, ಅಕ್ಕಿಯಂಥ ಬೀಜ ಉದುರಿಸಿ, ಸೀಮೆಗೆ ಸೀಮೆಯೇ ಒಟ್ಟಿಗೆ ಒಣಗುತ್ತದೆ. ಹಾಗಾಗಿ ಬಿದಿರ ನೆರಳನ್ನು ನಂಬಿದ ಉದ್ಯಾನ ಒಂದು ತಲೆಮಾರಿನಲ್ಲಿ ಒಮ್ಮೆಯಾದರೂ ಬೋಳಾಗಬೇಕಾದದ್ದೇ. ಮೆಳೆಯ ಕೆಳಗೆ ಬಿದ್ದ ಬೀಜಕ್ಕೆ ನಾಲ್ಕು ಮಳೆಗಾಲ ಕೊಟ್ಟರೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಕಾಲುದಾರಿ ಬಿಟ್ಟು ತುಳಿಯಬೇಡಿ ಎಂದು ಫಲಕ ಹಾಕುವುದು ಅದಕ್ಕೇ.

ನಿಸರ್ಗಧಾಮದೊಳಗೆ ಕೊಡಗಿನ ಬುಡಕಟ್ಟು ಬದುಕನ್ನು ತೋರಿಸುವ ಪ್ರತಿಕೃತಿಗಳಿವೆ. ಅವುಗಳ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಇಲ್ಲಿಂದ ನದಿಯ ಮೇಲ್ಭಾಗಕ್ಕೆ ಹೋದರೆ ದುಬಾರೆ. ಅಲ್ಲಿಯ ಆನೆಶಿಬಿರದ ಮಾವುತ ಕಾವಾಡಿಗಳಲ್ಲಿ ಬಹುಮಂದಿ ಜೇನುಕುರುಬರು. ಮರ ಎಳೆಯುತ್ತಿದ್ದ ಆನೆಗಳು ಮರ ಕಡಿಯುವುದು ನಿಂತ ಮೇಲೆ ಪ್ರವಾಸಿಗರ ಮುಂದೆ ಸ್ನಾನ ಮಾಡತೊಡಗಿದವು. ಇದೇ ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ಬುಡಕಟ್ಟು ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಲಾಯಿತು. ದೊಡ್ಡ ಹೋರಾಟದ ನಂತರ ಅವರಿಗೆ ಜಾಗ ಸಿಕ್ಕಿದ್ದು ಕುಶಾಲನಗರದ ಹತ್ತಿರದ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ, ಅಂದರೆ ಆ ಪ್ರತಿಕೃತಿಗಳಿಂದ ಹೆಚ್ಚೇನೂ ದೂರದಲ್ಲಲ್ಲ. ಟಿಕೆಟು ಕೊಂಡು ಗುಡಿಸಲಿನ ಮಾದರಿ ನೋಡುವವರಿಗೆ ಇದನ್ನೂ ಯಾರಾದರೂ ಹೇಳಬೇಕು.

ನಿಸರ್ಗಧಾಮ ಬೆಳೆಯುತ್ತಿದ್ದ ವರ್ಷಗಳಲ್ಲೇ ಇನ್ನೊಂದು ಬಗೆಯ ನೀರಾಟ ದೇಶಕ್ಕೆ ಬಂತು. ಅಮೆರಿಕದ ಫ್ಲಾರಿಡಾದ ಒರ್ಲಾಂಡೊದಲ್ಲಿ ಜಾರ್ಜ್ ಮಿಲೇ ಎಂಬಾತ 1977ರಲ್ಲಿ 'ವೆಟ್ ಎನ್ ವೈಲ್ಡ್' ಎಂಬ ಉದ್ಯಾನ ತೆರೆದ. ಇಂದಿನ ವಾಟರ್ ಪಾರ್ಕುಗಳ ಮೂಲಪುರುಷ ಅವನೇ ಎನ್ನುತ್ತಾರೆ. ಆ ಮೂಲ ಉದ್ಯಾನ 2016ರ ಕೊನೆಯಲ್ಲಿ ಮುಚ್ಚಿತು. ಚೆನ್ನೈಯ ಕಿಷ್ಕಿಂಟಾ 1995ರಲ್ಲಿ, ಮುಂಬಯಿಯ ವಾಟರ್ ಕಿಂಗ್‌ಡಂ 1998ರಲ್ಲಿ, ಕೊಚ್ಚಿಯ ವೀಗಾಲ್ಯಾಂಡ್ 2000ದಲ್ಲಿ ಬಂದವು. ವೀಗಾಲ್ಯಾಂಡ್ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರೇ 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ತೆರೆದರು. ಕೊಡಗಿನ ಶಾಲಾ ಮಕ್ಕಳ ಪ್ರವಾಸದ ಪಟ್ಟಿಯಲ್ಲಿ ಬೇಲೂರು ಹಳೇಬೀಡಿನ ಜೊತೆ ಅಲೆಕೊಳ, ಜಾರುಕೊಳವೆಗಳೂ ಸೇರಿದವು.

ಆ ಉದ್ಯಾನಗಳಲ್ಲಿ ನೀರಿನ ಆಳ ಗೊತ್ತು. ಅದನ್ನು ಸೋಸಿ, ಕ್ಲೋರಿನ್ ಬೆರೆಸಿ, ಮತ್ತೆ ಮತ್ತೆ ತಿರುಗಿಸುತ್ತಾರೆ. ಅಲೆ ಏಳುವುದಕ್ಕೆ ಯಂತ್ರವಿದೆ, ಸೈರನ್ ಕೂಗುತ್ತದೆ, ಕಾವಲುಗಾರ ಸೀಟಿ ಊದಿದರೆ ಅಲೆ ನಿಲ್ಲುತ್ತದೆ. ಈ ಅಭ್ಯಾಸವಾದವರು ನದಿಗೆ ಬಂದಾಗ ತೊಂದರೆ. ಮೇಲೆ ಭಾಗಮಂಡಲದಲ್ಲಿ ಮಧ್ಯಾಹ್ನ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ನೀರಿನ ಮಟ್ಟ ಏರಿಸಬಲ್ಲದು. ಬಂಡೆಯ ಮೇಲಿನ ಪಾಚಿ ಕಣ್ಣಿಗೆ ಬೀಳುವುದಿಲ್ಲ. ಮರಳಿನ ತಳ ಮೊನ್ನೆ ಇದ್ದಲ್ಲಿ ಇಂದು ಗುಂಡಿಯಾಗಿರುತ್ತದೆ. ಚೇಲಾವರದ ಜಲಪಾತದ ಕೆಳಗಿನ ಹೊಂಡದಲ್ಲಿ, ನದಿಯ ಬೇರೆ ಬೇರೆ ಮಡುಗಳಲ್ಲಿ ಹರೆಯದ ಹುಡುಗರು ಪ್ರಾಣ ಕಳೆದುಕೊಂಡ ಸುದ್ದಿ ಜಿಲ್ಲೆಯ ಪತ್ರಿಕೆಗಳಿಗೆ ಹೊಸದಲ್ಲ. ಅವರಲ್ಲಿ ಹಲವರಿಗೆ ಈಜು ಬರುತ್ತಿತ್ತು, ಆದರೆ ಈಜುಕೊಳದ ಈಜು.

2018ರ ಆಗಸ್ಟ್ ತಿಂಗಳು ಕೊಡಗಿನವರ ನೆನಪಿನಿಂದ ಅಳಿಯುವುದಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಮನೆ ತೋಟಗಳ ಸಮೇತ ಜಾರಿದವು. ಮಡಿಕೇರಿ ಮಂಗಳೂರು ರಸ್ತೆ ಕಡಿದುಹೋಯಿತು. ಕೆಳಗೆ ಕುಶಾಲನಗರದ ಬಡಾವಣೆಗಳಲ್ಲಿ ದೋಣಿಗಳು ಓಡಾಡಿದವು. ಮರುವರ್ಷ, 2019ರ ಆಗಸ್ಟ್‌ನಲ್ಲಿ, ಮತ್ತೆ ಅದೇ. ಇದಕ್ಕೆ ನೆಲದ ಇಳಿಜಾರಿನಲ್ಲೇ ಕಾರಣವಿದೆ. ಕುಶಾಲನಗರದಿಂದ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಕಾವೇರಿಯನ್ನು ಸೇರುತ್ತದೆ. ಊರಿನ ಹೆಸರೇ ಹೇಳುವ ಹಾಗೆ ಅದು ನದಿಗಳ ಕೂಡಲಿ. ಹಾರಂಗಿ ಜಲಾಶಯ ತುಂಬಿ ಬಾಗಿಲು ತೆರೆದ ಹೊತ್ತಿಗೇ ಕಾವೇರಿಯೂ ಉಕ್ಕಿ ಬಂದರೆ, ಎರಡೂ ನೀರು ಅಲ್ಲಿ ಒಂದನ್ನೊಂದು ತಡೆದು ಹಿಂದಕ್ಕೆ ನಿಲ್ಲುತ್ತವೆ. ತಗ್ಗಿನಲ್ಲಿ ಕಟ್ಟಿದ ಮನೆಗಳಿಗೆ ನುಗ್ಗುವುದು ಹೀಗೆ. ನಿಸರ್ಗಧಾಮದ ನಡುಗಡ್ಡೆಯ ಮೇಲೂ ನದಿ ಹರಿಯಿತು. ನಡುಗಡ್ಡೆಯೆಂದರೆ ನದಿ ತನ್ನ ಹಾಸಿಗೆಯಲ್ಲಿ ತಾನೇ ಕೂಡಿಹಾಕಿದ ಮಣ್ಣು, ಬೇಕೆಂದಾಗ ಅದರ ಮೇಲೆ ಹಾಯುವುದು ಅದಕ್ಕೆ ಹೊಸದೇನಲ್ಲ. ಆದರೆ ನದಿಯ ಹಾಸಿಗೆಯ ಪಕ್ಕದಲ್ಲಿ ಸೈಟು ಮಾಡಿ ಮಾರಿದವರು ಕೊಳ್ಳುವವರಿಗೆ ಇದನ್ನು ಹೇಳಲಿಲ್ಲ.

ಅದರ ತದ್ವಿರುದ್ಧ 2023. ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಮುಂದಿನ ಬೇಸಗೆಯಲ್ಲಿ ಕುಶಾಲನಗರದ ಬಳಿ ಕಾವೇರಿಯ ಬಂಡೆಗಳೆಲ್ಲ ಮೇಲೆದ್ದು ಕಂಡವು. ಬೆಂಗಳೂರಿನಲ್ಲಿ ಟ್ಯಾಂಕರುಗಳಿಗೆ ಸಾಲು ನಿಂತ ಆ ತಿಂಗಳುಗಳಲ್ಲಿ, ನೀರಾಟಕ್ಕೆಂದು ಬೆಂಗಳೂರಿನಿಂದ ಹೊರಟು ಬಂದವರು ಇಲ್ಲಿ ಕಂಡದ್ದು ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ಹಸಿರು ನೀರನ್ನು. ನದಿ ಸೊರಗಿದಾಗ ಅದಕ್ಕೆ ಸೇರುವ ಊರಿನ ಚರಂಡಿಯ ಪಾಲು ಎದ್ದು ಕಾಣುತ್ತದೆ. ಬಾಟಲಿ, ಶಾಂಪೂ ಪೊಟ್ಟಣ, ಬಿಟ್ಟುಹೋದ ಚಪ್ಪಲಿ, ಎಲ್ಲವೂ ಬಂಡೆಗಳ ಸಂದಿಯಲ್ಲಿ ಸಿಗುತ್ತವೆ. ನದಿ ಶುಚಿಗೊಳಿಸಲು ಇಳಿಯುವ ಸ್ಥಳೀಯ ತರುಣರು ಇವನ್ನು ಚೀಲಗಟ್ಟಲೆ ಹೊರತೆಗೆಯುತ್ತಾರೆ. ತಲಕಾವೇರಿಯಿಂದ ಬಾಟಲಿಯಲ್ಲಿ ತೀರ್ಥ ಒಯ್ಯುವವರೂ, ಇಲ್ಲಿ ಖಾಲಿ ಬಾಟಲಿ ಎಸೆಯುವವರೂ ಬೇರೆ ಬೇರೆ ಜನವೆಂದು ಹೇಳಲು ಧೈರ್ಯ ಸಾಲದು.

ಈಗ ಮಳೆಗಾಲದಲ್ಲಿ ನದಿ ಏರಿದೊಡನೆ ನಿಸರ್ಗಧಾಮದ ಬಾಗಿಲು ಮುಚ್ಚುತ್ತಾರೆ, ದುಬಾರೆಯ ದೋಣಿಗಳನ್ನು ಕಟ್ಟಿಹಾಕುತ್ತಾರೆ. ದೂರದಿಂದ ಬಂದವರು ಗೇಟಿನಲ್ಲಿ ವಾದ ಮಾಡುತ್ತಾರೆ. ಅಲ್ಲಿಂದ ಕಾರು ತಿರುಗಿಸಿಕೊಂಡು ಕೊಪ್ಪದ ಸೇತುವೆ ದಾಟಿ ಬೈಲುಕುಪ್ಪೆಯ ಸ್ವರ್ಣಮಂದಿರಕ್ಕೆ ಹೋಗುತ್ತಾರೆ. ಅಂಗಡಿಯವರು ಜೇನಿನ ಬಾಟಲಿ, ಏಲಕ್ಕಿ ಪೊಟ್ಟಣಗಳ ಮೇಲೆ ಟಾರ್ಪಾಲು ಎಳೆದು ಕೂರುತ್ತಾರೆ. ಅವರಿಗೆ ಆ ತಿಂಗಳುಗಳು ಕಷ್ಟದವು. ತೂಗುಸೇತುವೆಯ ಕೆಳಗೆ ಕೆಂಪು ನೀರು ಬಿದಿರಿನ ಬುಡಗಳನ್ನು ಅಲುಗಾಡಿಸುತ್ತ ಹೋಗುತ್ತಿರುತ್ತದೆ. ಮಡಿಕೇರಿಯಿಂದ ಬರುವ ಬಸ್ಸು ಅಲ್ಲಿ ನಿಲ್ಲದೆ ನೇರ ಕುಶಾಲನಗರಕ್ಕೆ ಓಡುತ್ತದೆ. ಕನ್ನಂಬಾಡಿಯಲ್ಲಿ ಆ ವಾರ ನೀರಿನ ಮಟ್ಟ ಎಷ್ಟು ಅಡಿ ಏರಿತೆಂದು ಮಂಡ್ಯದವರು ಪತ್ರಿಕೆ ಬಿಡಿಸಿ ನೋಡುತ್ತಿರುತ್ತಾರೆ.